ಹಾಲೆಮರದ ಚೂರು

ಪಾಸ್‌ಪೋರ್ಟಿಗಾ, ಮದುವೆಗಾ, ಅರ್ಜಿಗಾ ಎಂದು
ಸಯ್ಯಾಜಿರಾವ್ ರಸ್ತೆಯ ಮೊದಲ ಸ್ಟುಡಿಯೋದಲ್ಲಿ ಕೇಳಿದರು.
ಸುಮ್ಮನೆ, ಅಂದೆ.
ಸುಮ್ಮನೆ ಎಂಬ ಸೈಜು
ಅವರ ಗಾಜಿನಡಿಯ ಪಟ್ಟಿಯಲ್ಲಿ ಇರಲಿಲ್ಲ.

ನಲವತ್ತಮೂರಕ್ಕೆ ಒಂದು ಫೋಟೋ ಬೇಕೆನಿಸಿತು, ಅಷ್ಟೆ.
ಇದ್ದವೆಲ್ಲ ಗುಂಪಿನವು:
ಅಕ್ಕನ ನಿಕಾ, ಸೊಸೈಟಿ ಬ್ಯಾಂಕಿನ ವಾರ್ಷಿಕ ಸಭೆ,
ಎಲ್ಲದರಲ್ಲೂ ಎರಡನೇ ಸಾಲು,
ಯಾರದೋ ಹೆಗಲ ಹಿಂದೆ ಅರ್ಧ ತುಟಿ.
ಬಿಳಿ ಇರುವ ಅರ್ಧ ಹೆಗಲಿಗೆ,
ಉಳಿದರ್ಧ ಕ್ಯಾಮೆರಾಕ್ಕೆ.
ಇದನ್ನು ನನಗೆ ಯಾರೂ ಕಲಿಸಿಕೊಡಲಿಲ್ಲ.

ಎರಡನೆಯವನು ಅರಸು ರಸ್ತೆಯ ಮೇಲಂತಸ್ತಿನ ಹುಡುಗ,
ಎ.ಸಿ., ನೀರಿನ ಬಾಟಲಿ, ತೋಳು ತುಂಬ ಹಚ್ಚೆ.
ನನ್ನ ಮುಖದಿಂದ ಕಣ್ಣು ತೆಗೆದು ಪರದೆ ನೋಡುತ್ತ ಹೇಳಿದ:
‘ಟೆನ್ಷನ್ ಬೇಡ ಮೇಡಂ, ಎರಡು ನಿಮಿಷದ ಕೆಲಸ,
ಇತ್ತು ಅಂತಾನೇ ಗೊತ್ತಾಗಲ್ಲ.’
ಒಳ್ಳೆಯ ಹುಡುಗ.
ಹದಿನಾರು ವರ್ಷ, ಮೂರು ಡಾಕ್ಟರು, ಒಬ್ಬ ಹಕೀಮ,
ಬಾವಂಚಿ ಎಣ್ಣೆ ಹಚ್ಚಿ ತಾರಸಿಯಲ್ಲಿ ಕೂತ ಅಷ್ಟೂ ಬಿಸಿಲು
ಅವನ ಎರಡು ನಿಮಿಷಕ್ಕೆ ಸಮ ಬರಲಿಲ್ಲವಲ್ಲ ಎಂದು
ಮೆಟ್ಟಿಲಿಳಿಯುವಾಗ ನಗು ಬಂತು.

ಮೂರನೆಯವಳು ಯಾದವಗಿರಿಯವಳು,
ಕಿವಿಯಲ್ಲಿ ಬಳೆಯಷ್ಟು ದೊಡ್ಡ ತಾಮ್ರದ ರಿಂಗು.
ತಬ್ಬಿಕೊಂಡಳು. ‘ಇದನ್ನೇ ತೋರಿಸೋಣ, ಇದೇ ನಿಮ್ಮ ಶಕ್ತಿ’ ಅಂದಳು.
ನನಗೆ ಶಕ್ತಿ ಬೇಕಿರಲಿಲ್ಲ.
ಫೋಟೋ ಬೇಕಿತ್ತು.

ಲಷ್ಕರ್ ಮೊಹಲ್ಲಾದ ಚೌರಪ್ಪನವರನ್ನು
ಫೋಟೋದವರು ಅನ್ನುವುದಕ್ಕಿಂತ ಜೆರಾಕ್ಸಿನವರು ಅಂದರೇ ಜನಕ್ಕೆ ಗೊತ್ತು.
ಕನ್ನಡಕ ಹಣೆಗೇರಿಸಿ, ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ,
ಕೊಳ್ಳುವ ಮೊದಲು ಬಟ್ಟೆಯ ನೇಯ್ಗೆ ನೋಡುವವರ ಹಾಗೆ
ನೋಡಿದರು. ಬಹಳ ಹೊತ್ತು.
ಬೇರೆ ಯಾರಾದರೂ ಆಗಿದ್ದರೆ ಸೆರಗು ಎಳೆದುಕೊಳ್ಳುತ್ತಿದ್ದೆ.
‘ಬಿಳಿ ಬಟ್ಟೆ ಬೇಡಮ್ಮ,
ಬಿಳಿ ಬಿಳಿ ಜಗಳಕ್ಕೆ ಬೀಳ್ತವೆ.
ಎರಡು ಲೈಟು ಬೇಕು. ಇಬ್ಬರಿಗೆ ಇಡೋ ಹಂಗೆ ಇಡ್ತೀನಿ.
ಶುಕ್ರವಾರ ನಿಮಗೆ ಬೇಡ, ಭಾನುವಾರ ನನಗೆ ಬೇಡ.
ಮಂಗಳವಾರ ಹತ್ತೂವರೆ. ಕರೆಂಟು ಹೋದರೆ ಬುಧವಾರ.’

ಅಬ್ಬಾ ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸದವರು.
ಬೀಟೆ ಹಲಗೆಯಲ್ಲಿ ಗುಂಡಿ ತೋಡಿ
ಹಾಲೆಮರದ ಚೂರು ಕೂರಿಸಿ ಆನೆಗೆ ದಂತ ಇಡುತ್ತಿದ್ದರು.
ಉಜ್ಜುಕಾಗದ ಹಿಡಿದು ತಿಕ್ಕುವಾಗ ಎಲ್ಲ ಒಂದೇ ಧೂಳು,
ಅವರ ರೆಪ್ಪೆಯೂ ಅದೇ ಬಣ್ಣ.
‘ಪಾಲಿಶ್ ಬೀಳೋತನಕ ಮರ ತನ್ನ ಜಾತಿ ಹೇಳಲ್ಲ’ ಅನ್ನುತ್ತಿದ್ದರು.
ನನ್ನ ತುಟಿಯಂಚಿಗೆ ಮೊದಲ ಚುಕ್ಕಿ ಬಂದಾಗ ಮಾತ್ರ
ಏನೂ ಅನ್ನಲಿಲ್ಲ.
ಹೆಬ್ಬೆರಳಿಂದ ಒಮ್ಮೆ ಸವರಿ ನೋಡಿದರು,
ಕೂಡಿಕೆ ಕೈಗೆ ಸಿಗುತ್ತದೋ ಎಂದು.
ಸಿಗಲಿಲ್ಲ.

ಸೋಮವಾರ ರಾತ್ರಿ ಬೀರು ಖಾಲಿ ಮಾಡಿ ಮಂಚದ ಮೇಲೆ ಸುರಿದೆ.
ಹಸಿರು ಉಟ್ಟರೆ ಬ್ಯಾಂಕಿನವಳು,
ಗುಲಾಬಿ ಅಕ್ಕನದು, ಅವಳಿಗಿನ್ನೂ ನೆನಪಿದೆ.
ಹುಣಸೆಹಣ್ಣಿನ ಬಣ್ಣದ್ದು ಗೆದ್ದಿತು.
ಮೂಗುಬಟ್ಟು ಸೋಪಿನಲ್ಲಿ ತೊಳೆದೆ.
ಕನ್ನಡಿಯೆದುರು ಕೂತು ಗಲ್ಲ ಎತ್ತಿದೆ, ಇಳಿಸಿದೆ,
ರೇಷನ್ ಕಾರ್ಡಿನವಳು ಬಂದಳು, ಹೋದಳು.
ಕ್ರೀಮಿನ ಡಬ್ಬಿ: ಗೋಧಿ ಬಣ್ಣ, ನಂಬರ್ ಮೂರು,
ನಾನೂರ ಎಂಬತ್ತು ರೂಪಾಯಿ.
ಹಚ್ಚಿದೆ. ತೊಳೆದೆ.
ಮತ್ತೆ ಹಚ್ಚಿದೆ, ಕಣ್ಣಿನ ಹತ್ತಿರ ಮಾತ್ರ.
ಅದನ್ನೂ ತೊಳೆದೆ.
ಬೆಳಿಗ್ಗೆ ಡಬ್ಬಿ ಪರ್ಸಿಗೆ ಹಾಕಿಕೊಂಡೇ ಹೋದೆ, ಸುಳ್ಳೇಕೆ.

ಸ್ಟೂಲಿನ ಒಂದು ಕಾಲು ಕುಂಟುತ್ತಿತ್ತು.
ಯಾರದೋ ಅಂಕಪಟ್ಟಿಯ ಕೆಟ್ಟ ಜೆರಾಕ್ಸು ಮಡಿಸಿ ಅಡಿಗೆ ತುರುಕಿದರು.
‘ಕೈ ಎಲ್ಲಿ?’
ಸೆರಗಿನಡಿ ಇತ್ತು. ನನಗೇ ಗೊತ್ತಿರಲಿಲ್ಲ.
‘ನಗಬೇಡಿ. ನಗದೇನೂ ಇರಬೇಡಿ.
ಮನಸ್ಸಲ್ಲಿ ಏನಾದ್ರೂ ಎಣಿಸ್ತಿರಿ.’

ತುಟಿಯದು ಒಂದು.
ಕಣ್ಣಿನದು ಎರಡು.
ಮಣಿಕಟ್ಟಿನದು, ಭೂಪಟದ ಲಂಕೆಯ ಹಾಗಿರುವುದು, ಮೂರು.
ಬೆರಳ ಗೆಣ್ಣು ನಾಲ್ಕು, ಐದು,
ಆರು ಅನ್ನುವಷ್ಟರಲ್ಲಿ
ಬೆಳಕು.

‘ರೆಪ್ಪೆ ಬಡಿದ್ರಿ’ ಅಂದರು. ‘ಇನ್ನೊಂದ್ಸಲ.’

ಒಂದರಿಂದ ಶುರು ಮಾಡಿದೆ.